ಕೊಸರಿಗೆ ಕೊಟ್ಟ ತಗಡು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಈ ಮಾತನ್ನು ಹಾಲಿನ ಬೂತಿನವನಿಗೆ ಹೇಳಿದೆ, ಇಸ್ತ್ರಿಯವನಿಗೆ ಹೇಳಿದೆ, ಗೊಟ್ಟಿಗೆರೆ ಬಸ್ ಸ್ಟಾಪಿನಲ್ಲಿ ಪಕ್ಕ ನಿಂತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಆಕೆ "ಒಳ್ಳೇದಾಗ್ಲಿ ಅಂಕಲ್" ಎಂದು ಎರಡು ಹೆಜ್ಜೆ ದೂರ ಸರಿದು ನಿಂತರು. ನನ್ನ ಹೆಂಡತಿ ಜಯಮ್ಮ, "ಊರಲ್ಲಿ ನಿಮಗೊಬ್ರಿಗೇ ಮೊಮ್ಮಗು ಹುಟ್ಟಿರೋದಾ? ಬಾಯಿ ಸ್ವಲ್ಪ ಮುಚ್ಕೊಂಡಿರಿ, ದೃಷ್ಟಿ ಆಗುತ್ತೆ" ಎಂದು ಗದರುತ್ತಾಳೆ. ಮುಚ್ಚಿಕೊಳ್ಳಬೇಕು ಅಂತಲೇ ಮನೆಯಿಂದ ಹೊರಡುತ್ತೇನೆ. ಗೇಟು ದಾಟುವುದರೊಳಗೆ ಯಾರಾದರೂ ಸಿಕ್ಕಿಬಿಡುತ್ತಾರೆ. ಈಗ ನೀವು ಸಿಕ್ಕಿದ್ದೀರಿ.

ಹುಟ್ಟಿದಾಗ ಅವಳು ನನ್ನ ಸುತ್ತಿಗೆಗಿಂತ ಹಗುರವಾಗಿದ್ದಳು. ಇದು ಚಮತ್ಕಾರದ ಮಾತಲ್ಲ. ನಾನು ನಲವತ್ತೈದು ವರ್ಷ ಹಿಡಿದ ದೊಡ್ಡ ಸುತ್ತಿಗೆಯ ಭಾರ ನನ್ನ ಮಣಿಕಟ್ಟಿಗೆ ಗೊತ್ತು. ಸಿಸ್ಟರು ಅವಳ ತೂಕ ಹೇಳಿದ ಕೂಡಲೇ ಕೈಯೇ ಲೆಕ್ಕ ಹಾಕಿಬಿಟ್ಟಿತು. ಈಗ ಎರಡು ಸುತ್ತಿಗೆಗೆ ಹತ್ತಿರ ಬಂದಿದ್ದಾಳೆ. ಅತ್ತರೆ ಪಕ್ಕದ ಮನೆಗೆ ಕೇಳುತ್ತದೆ. ಪಕ್ಕದ ಮನೆಯವರು ತೊಂದರೆ ಅಂತ ಹೇಳಿದರೆ ಅವರಿಗೂ ಒಂದು ಲಡ್ಡು ಕೊಟ್ಟು ಬರುವಷ್ಟು ಹಿಗ್ಗಿನಲ್ಲಿದ್ದೇನೆ.

ಹೀಗಿರುವಾಗ ಮೊನ್ನೆ ತೊಟ್ಟಿಲು ಕಟ್ಟಲು ಒಂದು ಕೊಂಡಿ ಬೇಕಾಯಿತು. ಸಜ್ಜೆಯ ಮೇಲಿದ್ದ ಹಳೆಯ ಬಿಸ್ಕತ್ತಿನ ಡಬ್ಬ ಇಳಿಸಿ ಮುಚ್ಚಳ ತೆಗೆದರೆ ಮೇಲುಗಡೆಯೇ ಸ್ಟೀಲ್ ತಗಡಿನ ಹನ್ನೊಂದು ತುಂಡುಗಳು. ಹೆಬ್ಬೆರಳಿಗಿಂತ ತುಸು ಅಗಲ, ನಡುವೆ ಚೌಕನೆಯ ಒಂದು ತೂತು. ಕಾರಿನ ಸೀಟ್ ಬೆಲ್ಟಿನ ತುದಿಯಲ್ಲಿ ಕ್ಲಿಕ್ ಅಂತ ಒಳಗೆ ಕೂರುವ ನಾಲಿಗೆ ಇರುತ್ತದಲ್ಲ, ಅದೇ ಆಕಾರ. ಬೆಲ್ಟ್ ಮಾತ್ರ ಇಲ್ಲ. ಇದನ್ನು ಸಿಕ್ಕಿಸಿದರೆ ಕಾರು ಮೋಸಹೋಗಿ, ಇವರು ಬೆಲ್ಟ್ ಹಾಕಿದ್ದಾರೆ ಅಂದುಕೊಂಡು, ಕೀಂಯ್ ಕೀಂಯ್ ಎನ್ನುವುದನ್ನು ನಿಲ್ಲಿಸುತ್ತದೆ. ಇವನ್ನು ಮಾಡಿದವನು ನಾನೇ. ಕೊಂಡಿ ಹುಡುಕುವುದನ್ನು ಬಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ನಾನು ಟಿಂಕರ್. ಅಂದರೆ ಗುದ್ದಿಸಿಕೊಂಡು ಬಂದ ಕಾರಿನ ಮೈ ತಟ್ಟಿ ಸರಿಮಾಡುವವನು. ನಮ್ಮಪ್ಪ ಸಾರಕ್ಕಿಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಆಗ ಜಯನಗರದ ಬ್ಲಾಕುಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ಹೊಸ ಮನೆಯ ಹೆಂಗಸರು ತಪ್ಪಲೆ, ಕೊಳಗ ಹೊರಗಿಟ್ಟರೆ ಅಪ್ಪ ಮಣ್ಣಿನಲ್ಲಿ ಕುಳಿ ತೋಡಿ, ತಿದಿ ಒತ್ತಿ, ನವಸಾರದ ಹೊಗೆಯಲ್ಲಿ ಮುಳುಗಿಹೋಗುತ್ತಿದ್ದರು. ಆ ಹೊಗೆಯ ಘಾಟಿನಲ್ಲಿ ಕೂತು ನಾನು ಮಗ್ಗಿ ಬಾಯಿಪಾಠ ಮಾಡಿದ್ದು. ಹನ್ನೆರಡರ ಮಗ್ಗಿಗೆ ಹೊಗೆಯೂ ನನ್ನ ಬುದ್ಧಿಯೂ ಒಟ್ಟಿಗೆ ಕಟ್ಟಿಕೊಂಡವು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ. ಆಮೇಲೆ ಸ್ಟೀಲ್ ಬಂತು, ಕಲಾಯಿ ಹೋಯಿತು, ಮನೆಮುಂದೆ ಕಾರುಗಳು ಬಂದವು. ಪಾತ್ರೆಯ ನೆಗ್ಗು ತೆಗೆಯುವ ಕೈ ಕಾರಿನ ನೆಗ್ಗು ತೆಗೆಯುವುದಕ್ಕೆ ತಿರುಗಿತು. ಜೆ.ಪಿ. ನಗರದ ಒಂದು ಹಿಂದಿನ ರಸ್ತೆಯಲ್ಲಿ ಶೆಡ್ಡು ಹಾಕಿಕೊಂಡೆ.

ನನಗೆ ಪೇಪರಿನ ದಪ್ಪಕ್ಷರ ಓದುವುದಕ್ಕೇ ಸಮಯ ಹಿಡಿಯುತ್ತದೆ, ಆದರೆ ನೆಗ್ಗನ್ನು ನೀರು ಕುಡಿದ ಹಾಗೆ ಓದುತ್ತೇನೆ. ಪೆಟ್ಟು ಯಾವ ಕಡೆಯಿಂದ ಬಂತು, ಎಷ್ಟು ಜೋರಿತ್ತು, ಬ್ರೇಕ್ ಹಿಡಿದಿದ್ದರೋ ಇಲ್ಲವೋ, ಎಲ್ಲ ತಗಡಿನಲ್ಲಿ ಇರುತ್ತದೆ. "ನಿಲ್ಸಿದ್ದ ಗಾಡಿಗೆ ಯಾರೋ ಗುದ್ದಿ ಹೋದ್ರು ನಂಜಪ್ಪ" ಎನ್ನುತ್ತ ಒಬ್ಬರು ಬಂದಿದ್ದರು. ಗಾಯದೊಳಗೆ ಅವರ ಮನೆಯ ಗೇಟಿನ ಹಸಿರು ಬಣ್ಣವೇ ಅಂಟಿಕೊಂಡಿತ್ತು. "ಎಂಥ ಜನ ಸಾರ್" ಎಂದು ಸುತ್ತಿಗೆ ಎತ್ತಿಕೊಂಡೆ.

ಇನ್ನೊಂದು ಥರದ ಗಾಡಿಯೂ ಬರುತ್ತಿತ್ತು. ಮುಂದಿನ ಗಾಜು ಜೇಡರ ಬಲೆಯ ಹಾಗೆ ಒಡೆದು, ಬಲೆಯ ನಡು ಹೊರಕ್ಕೆ ಉಬ್ಬಿರುತ್ತಿತ್ತು. ಹೊರಗಿನ ಕಲ್ಲು ಹೊಡೆದರೆ ಒಳಕ್ಕೆ ಕುಗ್ಗುತ್ತದೆ; ಹೊರಕ್ಕೆ ಉಬ್ಬಿದ್ದರೆ ಅದು ಒಳಗಿದ್ದವರ ತಲೆ. ಸೀಳಿನಲ್ಲಿ ಒಮ್ಮೊಮ್ಮೆ ಕೂದಲು ಇರುತ್ತಿತ್ತು. ನಾನು ಹಳೆಯ ಬನಿಯನ್ನಿನಲ್ಲಿ ಒರೆಸಿ, ಗಾಜು ಕಳಚಿ, ಹೊಸದು ಕೂರಿಸಿ, ಟೀ ಕುಡಿಯಲು ಹೋಗುತ್ತಿದ್ದೆ. ಕೂದಲು ಯಾರದು ಎಂದು ಒಂದು ದಿನವೂ ಕೇಳಲಿಲ್ಲ. ಅಷ್ಟು ವರ್ಷ ಆ ಪಾಠವನ್ನು ಕೈಯಲ್ಲಿ ಹಿಡಿದುಕೊಂಡು ಒರೆಸಿಹಾಕಿದ್ದೇನೆ ಎಂದು ಈಗ ಅನ್ನಿಸುತ್ತದೆ.

ತಗಡಿನ ನಾಲಿಗೆ ಶುರುವಾದದ್ದು ಜಯನಗರದ ರಿಟೈರಾದ ಬ್ಯಾಂಕ್ ಮ್ಯಾನೇಜರ್ ಒಬ್ಬರಿಂದ. ಹೊಸ ಕಾರು ತಂದಿದ್ದರು. "ನಂಜಪ್ಪ, ನಾಲ್ಕನೇ ಬ್ಲಾಕಿಗೆ ಸೊಪ್ಪು ತರೋಕೆ ಹೋದ್ರೂ ಈ ದರಿದ್ರದ್ದು ಕಿವಿ ತಿನ್ನುತ್ತೆ ಕಣಯ್ಯ. ಮನೇಲಿ ಅವಳು, ಗಾಡೀಲಿ ಇದು" ಎಂದರು. ನಾನು ನಕ್ಕು, ಬಿದ್ದಿದ್ದ ತಗಡಿನಲ್ಲಿ ಒಂದು ನಾಲಿಗೆ ಕತ್ತರಿಸಿ, ಅರ ಹಾಕಿ ನುಣುಪು ಮಾಡಿ ಸಿಕ್ಕಿಸಿದೆ. ಗಾಡಿ ತೆಪ್ಪಗಾಯಿತು. ಅವರಿಗೆ ಆದ ಖುಷಿ ನೋಡಬೇಕಿತ್ತು. ಆಮೇಲೆ ಅದೇ ರೂಢಿಯಾಯಿತು. ಸೊಪ್ಪಿನವಳು ಕೊನೆಗೆ ನಾಲ್ಕು ಎಸಳು ಕರಿಬೇವು ಕೊಸರು ಹಾಕುತ್ತಾಳಲ್ಲ, ಹಾಗೆ ನಾನು ಕೆಲಸ ಮುಗಿದ ಪ್ರತಿ ಗಾಡಿಗೂ ಒಂದು ನಾಲಿಗೆ ಕೊಸರು ಕೊಡತೊಡಗಿದೆ. "ನಂಜಪ್ಪನ ಶೆಡ್ಡಲ್ಲಿ ಬಿಟ್ರೆ ಗಾಡಿ ಬಾಯಿ ಕೂಡ ಮುಚ್ಚಿಸ್ತಾನೆ" ಎಂದು ಜನ ಹೊಗಳುತ್ತಿದ್ದರು. ಗುದ್ದಿಸಿಕೊಂಡ ಗಾಡಿಯನ್ನು ರಿಪೇರಿ ಮಾಡಿ, ಮುಂದಿನ ಸಲ ಗುದ್ದಿದಾಗ ಒಳಗಿದ್ದವರು ಉಳಿಯದ ಹಾಗೆ ಒಂದು ಉಡುಗೊರೆ ಕೊಟ್ಟು ಕಳಿಸುವುದು. ಇಂಥ ವ್ಯಾಪಾರ ನಾನೊಬ್ಬನೇ ಮಾಡಿರಬೇಕು.

ಇನ್ನು ನನ್ನ ಅಳಿಯನ ವಿಷಯ. ಹೆಸರು ವೀರೇಶ, ಗದಗದ ಕಡೆಯವನು. ಲಿಫ್ಟ್ ರಿಪೇರಿ ಮಾಡುವ ಕೆಲಸಕ್ಕೆ ಬಂದು ಬಿ.ಟಿ.ಎಂ.ನಲ್ಲಿ ರೂಮು ಮಾಡಿಕೊಂಡಿದ್ದ. ನನ್ನ ಮಗಳು ವೀಣಾ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಬಿಲ್ಡಿಂಗಿನ ಲಿಫ್ಟು ಪದೇ ಪದೇ ಕೆಡುತ್ತಿತ್ತು. ಲಿಫ್ಟು ಸರಿಯಾಯಿತು, ಇವರಿಬ್ಬರ ಮದುವೆಯಾಯಿತು. ಅವನ ಮಾತು ಮೊದಮೊದಲು ನನಗೆ ಜಗಳದ ಹಾಗೆ ಕೇಳುತ್ತಿತ್ತು. ನನ್ನ ಮಾತು ಅವನಿಗೆ ನಿದ್ದೆಗಣ್ಣಿನ ಮಾತಿನ ಹಾಗೆ ಕೇಳುತ್ತಿತ್ತಂತೆ. "ಮಾವಾರ, ನೀವು ಬೆಂಗಳೂರಾವ್ರು ಅರ್ಧ ಮಾತು ನುಂಗಿಬಿಡ್ತೀರಿ ನೋಡ್ರಿ. ಉಳಿದರ್ಧ ಇಂಗ್ಲಿಷು" ಎನ್ನುತ್ತಿದ್ದ. ಒಳ್ಳೆಯ ಹುಡುಗ. ಒಂದೇ ಚಟ: ಬೆಲ್ಟು. ಲಿಫ್ಟಿನ ಬಾವಿಗೆ ಇಳಿಯುವವನು ಸೊಂಟಕ್ಕೆ ಪಟ್ಟಿ ಕಟ್ಟಿ, ಕೊಕ್ಕೆ ಹಾಕಿ, ಎರಡು ಸಲ ಎಳೆದು ನೋಡಿ ಕಾಲಿಡುತ್ತಾನೆ. ಕಾರಿನಲ್ಲೂ ಹಾಗೇ. ಎಲ್ಲರೂ ಬೆಲ್ಟ್ ಹಾಕುವ ತನಕ ಕೀಲಿ ತಿರುಗಿಸುವುದಿಲ್ಲ.

ವೀಣಾ ಬಸುರಿಯಾದಳು. ಐದು ತುಂಬಿ ಹೊಟ್ಟೆ ಕಾಣತೊಡಗಿದಾಗ ಜಯಮ್ಮನಿಗೆ ಸಂಕಟ ಶುರುವಾಯಿತು. "ಬಸುರಿ ಹೊಟ್ಟೆ ಮೇಲೆ ಯಾರಾದ್ರೂ ಪಟ್ಟಿ ಬಿಗೀತಾರೇನ್ರೀ? ಮಗೂಗೆ ಉಸಿರು ಕಟ್ಟಲ್ವಾ?" ನನಗೂ ನಿಜ ಅನ್ನಿಸಿತು. ಅಳಿಯನಿಗೆ ಹೇಳಿದರೆ ಕೇಳುವವನಲ್ಲ. ಆಗ ನನ್ನ ತಲೆ ಓಡಿತು ನೋಡಿ. ಕೆಲಸ ಬಿಟ್ಟು ಎರಡು ವರ್ಷವಾಗಿದ್ದರೂ ಮನೆಯಲ್ಲೇ ಕೂತು ಒಂದು ನಾಲಿಗೆ ಮಾಡಿದೆ. ಎಷ್ಟು ಆಸೆಯಿಂದ ಮಾಡಿದೆ ಅಂದರೆ, ಮಗುವಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆ ಮಾಡುವ ಅಕ್ಕಸಾಲಿ ಕೂಡ ಅಷ್ಟು ಹುಷಾರಾಗಿ ಅರ ಹಾಕಿರಲಾರ. ವೀಣಾಳ ಕೈಗೆ ಕೊಟ್ಟು, "ಬೆಲ್ಟು ಮೇಲಿಂದ ಎಳ್ಕೊಂಡು ಸುಮ್ನೆ ತೊಡೆ ಕೆಳಗೆ ಸಿಗಿಸ್ಕೊ. ಇದನ್ನ ಬಕ್ಕಲ್ಲಿಗೆ ಹಾಕ್ಬಿಡು. ನಿನ್ನ ಗಂಡಂಗೂ ಗೊತ್ತಾಗಲ್ಲ, ಗಾಡಿಗೂ ಗೊತ್ತಾಗಲ್ಲ" ಎಂದೆ.

"ಅಪ್ಪಾ, ಅವ್ರು ಬೈತಾರೆ" ಎಂದಳು.

"ಗೊತ್ತಾದ್ರೆ ತಾನೆ ಬೈಯೋದು? ನಿಮ್ಮಪ್ಪ ನಿನ್ನ ವಯಸ್ಸಿಗಿಂತ ಜಾಸ್ತಿ ವರ್ಷ ಗಾಡಿ ನೋಡಿದಾನೆ."

ಅಪ್ಪನ ಮಾತು ಅಂತ ಹಾಕಿಕೊಂಡಳು.

ಏಳು ತಿಂಗಳಾದಾಗ ಒಂದು ಬೆಳಿಗ್ಗೆ ಹತ್ತೂವರೆಗೆ ಜಯನಗರಕ್ಕೆ ಸ್ಕ್ಯಾನಿಂಗಿಗೆ ಹೊರಟೆವು. ಗಾಡಿ ಓಡಿಸುತ್ತಿದ್ದವನು ವೀರೇಶ, ಪಕ್ಕದಲ್ಲಿ ವೀಣಾ, ಅವಳ ಹಿಂದಿನ ಸೀಟಿನಲ್ಲಿ ನಾನು. ವೀರೇಶ ಎಂದಿನ ಹಾಗೆ, "ಎಲ್ಲಾರೂ ಬೆಲ್ಟ್ ಹಾಕ್ಕೊಂಡ್ರೇನ್ರಿ?" ಎಂದ. ವೀಣಾ "ಹೂಂ ರೀ" ಎಂದಳು. ಎದೆಯ ಮೇಲೆ ಪಟ್ಟಿ ಕಾಣುತ್ತಿತ್ತು, ಗಾಡಿ ಸುಮ್ಮನಿತ್ತು. ಅವನು ನಂಬಿದ.

"ನೀವ್ರಿ ಮಾವಾರ?"

"ಹಿಂದೆ ಕೂತವನಿಗೆ ಯಾಕಯ್ಯಾ? ನಾನೇನು ಹಾರಿಹೋಗ್ತೀನಾ?"

"ಹಾರಾಕ ರೆಕ್ಕಿ ಬೇಕಾಗಿಲ್ರಿ. ಒಂದು ಬ್ರೇಕ್ ಸಾಕು."

"ಆಯ್ತು ಬಿಡಪ್ಪ, ಹಾಕ್ದೆ" ಎಂದೆ. ಹಾಕಿರಲಿಲ್ಲ.

ಬನ್ನೇರುಘಟ್ಟ ರಸ್ತೆಯಲ್ಲಿ ಗಾಡಿ ನಲವತ್ತರಲ್ಲಿತ್ತು. ನಲವತ್ತು ಅಂದರೆ ನಮ್ಮ ಶೆಡ್ಡಿನ ಭಾಷೆಯಲ್ಲಿ ಬಂಪರಿನ ಕೆಲಸ, ಹೆಚ್ಚೆಂದರೆ ಬಾನೆಟ್ಟು. ವೀಣಾ ಹಿಂದಕ್ಕೆ ತಿರುಗಿ, "ಅಪ್ಪಾ, ಇವತ್ತು ಮಗು ಮುಖ ತೋರಿಸ್ತಾರಂತೆ" ಎಂದಳು. ಅಷ್ಟರಲ್ಲಿ, ಯೂ ಟರ್ನಿನ ತನಕ ಹೋಗಲಾರದ ಸೋಮಾರಿತನಕ್ಕೆ ಒಬ್ಬ ಸ್ಕೂಟರಿನವನು ನಮ್ಮ ಎದುರಿಗೇ ರಾಂಗ್ ಸೈಡಿನಲ್ಲಿ ಬಂದ. ವೀರೇಶ ಬ್ರೇಕ್ ಒತ್ತಿ ಎಡಕ್ಕೆ ಎಳೆದ. ಸ್ಕೂಟರು ಉಳಿಯಿತು. ಎಡಕ್ಕೆ ಒಂದು ನೀರಿನ ಟ್ಯಾಂಕರು ನಿಂತಿತ್ತು.

ಶಬ್ದ ನನಗೆ ನೆನಪಿಲ್ಲ. ಜೀವನಪೂರ್ತಿ ತಗಡಿನ ಶಬ್ದದಲ್ಲೇ ಇದ್ದವನಿಗೆ ಆ ಒಂದು ಶಬ್ದ ಮಾತ್ರ ಕೇಳಿಸಲಿಲ್ಲ. ನಾನು ಹಾರಿದೆ. ಬಾಯಿ ಮುಂದಿನ ಸೀಟಿನ ತಲೆದಿಂಬಿಗೆ ಬಡಿದು ಎರಡು ಹಲ್ಲು ಹೋದವು. ಕಣ್ಣು ಬಿಟ್ಟರೆ ವೀರೇಶ ಬಿಳಿಯ ಗಾಳಿಚೀಲದ ಹಿಂದೆ ಅಲ್ಲಾಡದೆ ಕೂತಿದ್ದ, ಆದರೆ ಕೂತಿದ್ದ. ಅವನ ಬೆಲ್ಟು ಅವನನ್ನು ಸೀಟಿಗೆ ಹಿಡಿದುಕೊಂಡಿತ್ತು. ನಮ್ಮದು ಹಳೆಯ, ಕಡಿಮೆ ದರದ ಮಾಡೆಲ್ಲು. ಡ್ರೈವರಿನ ಕಡೆ ಮಾತ್ರ ಗಾಳಿಚೀಲ. ವೀಣಾ ಡ್ಯಾಶ್‌ಬೋರ್ಡಿನ ಮೇಲೆ ಮಡಿಸಿಹೋಗಿದ್ದಳು.

ಜನ ಸೇರಿದರು. ಬೆಂಗಳೂರಿನವರಿಗೆ ಕರುಣೆ ಇಲ್ಲ ಎನ್ನುವವರು ಆ ದಿನ ಅಲ್ಲಿರಬೇಕಿತ್ತು. "ಅಕ್ಕನ ಸೊಂಟ ಹುಷಾರು, ಸೊಂಟ ಹಿಡ್ಕೊಳ್ಳಿ ಗುರು", "ನೀರು ಕೊಡ್ಬೇಡಿ, ನೀರು ಕೊಡ್ಬೇಡಿ", "ಏ, ಆಂಬುಲೆನ್ಸ್ ಬರೋ ತನಕ ಕಾಯ್ತಾರಾ, ನನ್ ಗಾಡಿ ತಗೊಳ್ರೋ" ಎಂದು ಆಚೀಚೆಯಿಂದ ಕೈಗಳು ಬಂದವು. ನಾನೂ ಕೈ ಚಾಚಿದೆ. ಯಾವುದಕ್ಕೆ ಚಾಚಿದೆ ಎಂದು ಇಲ್ಲಿಯವರೆಗೆ ಜಯಮ್ಮನಿಗೂ ಪೂರ್ತಿ ಹೇಳಿಲ್ಲ. ಮಗಳನ್ನು ಹೊರಗೆ ತೆಗೆಯುತ್ತಿದ್ದಾಗ ಬಕ್ಕಲ್ಲಿನಲ್ಲಿ ನನ್ನ ತಗಡು ಫಳಫಳ ಹೊಳೆಯುತ್ತ ಕೂತಿತ್ತು. ಮಗಳ ತಲೆ ಹಿಡಿಯಬೇಕಾಗಿದ್ದ ಕೈ ಮೊದಲು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡಿತು. ಕಳ್ಳನ ಬುದ್ಧಿ ಎಷ್ಟು ಚುರುಕು ನೋಡಿ. ಬಾಯಲ್ಲಿ ರಕ್ತ, ಕಿವಿಯಲ್ಲಿ ಗುಂಯ್ ಅಂತ ಸದ್ದು, ಕೈ ಮಾತ್ರ ತನ್ನ ಕೆಲಸ ಮುಗಿಸಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ ಮೊದಲನೇ ಪ್ರಶ್ನೆ, "ಬೆಲ್ಟ್ ಹಾಕಿದ್ರಾ?"

ವೀರೇಶ, "ಹಾಕಿದ್ಲ್ರಿ ಮೇಡಂ. ನಾನ ಕಣ್ಣಾರೆ ನೋಡೀನಿ" ಎಂದ.

"ಹೊಟ್ಟೆ ಮೇಲಾ, ಕೆಳಗಾ?"

ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಡಾಕ್ಟರಮ್ಮ ಓಡುತ್ತಲೇ ಹೇಳಿದರು: ಬಸುರಿಯರು ಪಟ್ಟಿಯನ್ನು ಹೊಟ್ಟೆಯ ಕೆಳಗೆ, ತೊಡೆಗೆ ಒತ್ತಿ ಹಾಕಬೇಕು, ಮೇಲಿನದು ಎದೆಯ ನಡುವೆ ಬರಬೇಕು, ಹಾಗೆ ಹಾಕಿದರೆ ತಾಯಿಗೂ ಮಗುವಿಗೂ ಅದೇ ಕಾವಲು. ಎರಡು ಮಾತು. ಯಾರನ್ನಾದರೂ ಕೇಳಿದ್ದರೆ ಐದನೇ ತಿಂಗಳಲ್ಲೇ ಹೇಳುತ್ತಿದ್ದರು. ನಾನು ಕೇಳುವವನಾಗಿರಲಿಲ್ಲ, ಹೇಳುವವನಾಗಿದ್ದೆ.

ಗರ್ಭದೊಳಗೆ ಮಾಸು ಕಿತ್ತುಕೊಂಡಿತ್ತು. ಅದೇ ಮಧ್ಯಾಹ್ನ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ವೀಣಾಳ ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು. ಮಗು ಗಾಜಿನ ಪೆಟ್ಟಿಗೆ ಸೇರಿತು. ಉಳಿಯುತ್ತಾಳಾ ಎಂದು ಕೇಳಿದರೆ ಡಾಕ್ಟರಮ್ಮ, "ಇವತ್ತು ಇದ್ದಾಳೆ" ಎಂದರು. ಮರುದಿನವೂ ಅದನ್ನೇ ಹೇಳಿದರು.

ಮೂರನೇ ದಿನ ವೀಣಾಗೆ ಸರಿಯಾಗಿ ಎಚ್ಚರವಾಯಿತು. ಅಳಿಯ ಔಷಧಿ ತರಲು ಹೋಗಿದ್ದಾಗ ನನ್ನ ಕೈ ಹಿಡಿದು, "ಅಪ್ಪಾ, ಅವ್ರಿಗೆ ಹೇಳ್ಬೇಡ" ಎಂದಳು. "ನಾನೇ ಹಾಕ್ಕೊಂಡಿದ್ದು. ನಿಂಗೂ ಅವ್ರಿಗೂ ಮಾತು ಕೆಟ್ರೆ ನಾನು ಯಾರ ಮುಖ ನೋಡ್ಲಿ?" ನಾನು ತಲೆಯಾಡಿಸಿದೆ. ನಿಜ ಹೇಳುತ್ತೇನೆ, ಆಗ ನನಗೆ ಸಮಾಧಾನವೇ ಆಯಿತು. ಮಗಳೇ ಬೇಡ ಅಂದ ಮೇಲೆ ನಾನ್ಯಾರು ಹೇಳೋಕೆ ಅಂತ ನನಗೆ ನಾನೇ ಹೇಳಿಕೊಂಡೆ.

ಗಾಡಿಯನ್ನು ನನ್ನ ಹಳೆಯ ಶೆಡ್ಡಿಗೇ ಎಳೆದು ತಂದಿದ್ದರು. ಈಗ ಶೆಡ್ಡನ್ನು ನೋಡಿಕೊಳ್ಳುವ ಸಲೀಂ, "ಅಣ್ಣಾ, ನೀವು ನೋಡ್ಬೇಡಿ. ನಾನು ಇದೀನಲ್ಲ" ಎಂದು ಬಾಗಿಲಿಗೆ ಅಡ್ಡ ನಿಂತ. ನಾನು ಕೇಳಲಿಲ್ಲ. ಮುಂಭಾಗ ನೋಡಿದೆ, ನಾನು ಅಂದುಕೊಂಡ ಹಾಗೇ, ಬಂಪರು, ಬಾನೆಟ್ಟು. ವೀರೇಶ ಬ್ರೇಕನ್ನು ಚೆನ್ನಾಗಿಯೇ ಹಿಡಿದಿದ್ದ. ಆಮೇಲೆ ವೀಣಾಳ ಸೀಟು ನೋಡಿದೆ. ಅದು ಮುಂದಕ್ಕೆ ಬಾಗಿತ್ತು. ಹಿಂದಿನಿಂದ ಪೆಟ್ಟು ಬಿದ್ದರೆ ಮಾತ್ರ ಹಾಗೆ ಬಾಗುತ್ತದೆ. ಹಿಂಬದಿಯ ಹಲಗೆಯಲ್ಲಿ ಎರಡು ಕುಳಿಗಳು ಬಿದ್ದಿದ್ದವು. ಹಿಂದಿನ ಸೀಟಿನಲ್ಲಿ ಕೂತು ನನ್ನ ಮಂಡಿಗಳನ್ನು ಅವುಗಳ ಹತ್ತಿರ ತಂದೆ. ಸರಿಯಾಗಿ ಕೂತವು.

ಹೊರಗೆ ಬಂದು ಸಲೀಂ ತಂದ ಟೀ ಹಿಡಿದುಕೊಂಡು ನಿಂತೆ. ಅವನೂ ಓದಬಲ್ಲವನೇ, ನಾನೇ ಕಲಿಸಿದ್ದು. ಅವಳನ್ನು ಹಿಡಿದುಕೊಳ್ಳಬೇಕಾದ ಬೆಲ್ಟನ್ನು ನಾನು ಕಳಚಿಸಿದ್ದೆ. ಸಾಲದು ಅಂತ ನನ್ನ ಎಪ್ಪತ್ತು ಕೇಜಿ ಮೈಯನ್ನು ಹಿಂದಿನಿಂದ ಅವಳ ಮೇಲೆ ಎಸೆದಿದ್ದೆ. ಹೊಟ್ಟೆಯಲ್ಲಿದ್ದ ಮಗುವಿನ ಮೇಲೆ.

ಇತ್ತ ವೀರೇಶ ದಿನದಿನಕ್ಕೆ ಕುಸಿಯುತ್ತಿದ್ದ. ಗಡ್ಡ ಬಿಟ್ಟ. ಗಾಡಿಯ ಕೀಲಿಯನ್ನು ಮುಟ್ಟುತ್ತಿರಲಿಲ್ಲ. "ಬೆಲ್ಟ್ ಹಾಕಿದ್ರೂ ಹಿಂಗಾತಂದ್ರ, ನಾ ಎಷ್ಟ್ ಜೋರ್ ಗುದ್ದಿರಬೇಕ್ರಿ ಮಾವಾರ?" ಎಂದು ಒಂದು ಸಲ ಕೇಳಿದ. "ನನ್ ಹೆಂಡ್ತಿ ಸೊಂಟ ನಾನ ಮುರದೆ. ಆ ಕೂಸಿನ್ನ ಮುಟ್ಟಾಕ ನನಗ ಯಾವ ಅಧಿಕಾರ ಐತಿ?" ನಾನು ಅವನ ಬೆನ್ನು ಸವರಿದೆ. ನನ್ನ ಕೈ ನನಗೇ ಅಸಹ್ಯವಾಯಿತು. ಆದರೂ ಬಾಯಿ ಬಿಡಲಿಲ್ಲ.

ಎರಡು ವಾರವಾದ ಮೇಲೆ ಒಂದು ಬೆಳಿಗ್ಗೆ ಸಿಸ್ಟರು ಹೊರಗೆ ಬಂದು, "ಮಗೂನ ಈಗ ಎದೆ ಮೇಲೆ ಮಲಗಿಸ್ಕೋಬೇಕು. ಮೈಗೆ ಮೈ ತಾಗಬೇಕು, ಆ ಕಾವಿಗೇ ಮಗು ಚೇತರಿಸ್ಕೊಳ್ಳೋದು. ತಾಯಿ ಕೈಲಿ ಇನ್ನೂ ಆಗಲ್ಲ. ಅಪ್ಪ ಬನ್ನಿ" ಎಂದರು.

ವೀರೇಶ ಗೋಡೆಗೆ ಒರಗಿದ. "ನನ್ ಕೈಯಾಗ ಬ್ಯಾಡ್ರಿ ಸಿಸ್ಟರ್."

"ಏನ್ ಸಾರ್ ನೀವು? ಮಗು ಕಾಯುತ್ತಾ ನಿಮ್ಮ ಮೂಡಿಗೆ?"

"ಬ್ಯಾಡಂದೆಲ್ರಿ. ನನ್ ಕೈಯಾಗ ಬ್ಯಾಡ."

ಸಿಸ್ಟರು ನನ್ನ ಕಡೆ ತಿರುಗಿದರು. "ಹಾಗಾದ್ರೆ ತಾತಾ, ನೀವಾದ್ರೂ ಬನ್ನಿ. ಕೈ ತೊಳ್ಕೊಂಡು ಅಂಗಿ ಬಿಚ್ಚಿ. ಬೇಗ."

ಹದಿನಾಲ್ಕು ದಿನ ಗಾಜಿನಾಚೆಯಿಂದ ನೋಡಿದ ಮಗು. ಅವಳ ಒಂದು ಕಾಲ್ಬೆರಳನ್ನೂ ನಾನು ಮುಟ್ಟಿರಲಿಲ್ಲ. ಈಗ ನನ್ನ ಎದೆಯ ಮೇಲೆ ಮಲಗಿಸುತ್ತೇವೆ ಎನ್ನುತ್ತಿದ್ದಾರೆ. ಎರಡು ಗುಂಡಿ ಬಿಚ್ಚಿಯೇಬಿಟ್ಟೆ. ಮೂರನೆಯದಕ್ಕೆ ಕೈ ಹಾಕಿದಾಗ ವೀರೇಶ ಕಾಣಿಸಿದ. ಅವನು ಮಗುವಿರುವ ಬಾಗಿಲನ್ನು ನೋಡುತ್ತಿದ್ದ. ಊಟದ ಮನೆಯ ಹೊರಗೆ ಹಸಿದವನು ನಿಲ್ಲುವ ಹಾಗೆ ನಿಂತಿದ್ದ. ಆ ಜಾಗ ಅವನದು. ನಿಜ ಮುಚ್ಚಿಟ್ಟು ಅದರಲ್ಲಿ ಹೋಗಿ ಕೂರುವುದಕ್ಕೆ ಹೊರಟವನು ನಾನು.

ಅಂದಿನಿಂದ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ ತಗಡನ್ನು ತೆಗೆದು ಅವನ ಕೈಗೆ ಕೊಟ್ಟೆ. ಏನೆಂದು ಅವನಿಗೆ ಕೂಡಲೇ ಗೊತ್ತಾಯಿತು.

"ವೀಣಾ ಬೆಲ್ಟ್ ಹಾಕಿರ್ಲಿಲ್ಲ ಕಣಪ್ಪ. ಹಾಕಿರೋ ಹಾಗೆ ಮೇಲೆ ಎಳ್ಕೊಂಡಿದ್ಲು ಅಷ್ಟೆ. ಇದನ್ನ ಮಾಡ್ಕೊಟ್ಟೋನು ನಾನು. ನಾನೂ ಹಾಕಿರ್ಲಿಲ್ಲ. ಅವಳ ಸೀಟಿಗೆ ಹಿಂದಿಂದ ಬಿದ್ದೋನು ನಾನು. ನಿನ್ನ ಗಾಡಿ ಗುದ್ದಿದ್ದು ಏನೂ ಅಲ್ಲ, ಬಂಪರ್ ಕೆಲಸ. ಸಲೀಂನ ಕೇಳು."

ಅವನು ತಗಡನ್ನು ತಿರುಗಿಸಿ ನೋಡಿದ. "ನೀವ ಮಾಡಿದ್ರಿ?"

"ಹೂಂ."

"ಎಷ್ಟ್ ತಿಂಗಳಿಂದ ಇತ್ತು?"

"ಎರಡು."

"ಎರಡ್ ತಿಂಗ್ಳು ನಾ ದಿನಾ ಕೇಳೀನಿ. ದಿನಾ ನನಗ ಹೂಂ ಅಂದಾಳ." ಅವನ ದನಿ ಏರಲಿಲ್ಲ. ಏರಿದ್ದರೆ ಎಷ್ಟೋ ಚೆನ್ನಾಗಿತ್ತು. "ಹನ್ನೆರಡು ವರ್ಷ ಬಾವ್ಯಾಗ ಇಳದೀನ್ರಿ ಮಾವಾರ. ಬೆಲ್ಟ್ ಇಲ್ದ ಒಂದಿನ ಕಾಲಿಟ್ಟಿಲ್ಲ. ನನ್ ಮನಿಯವ್ರ..." ಎಂದು ಅಲ್ಲಿಗೇ ನಿಲ್ಲಿಸಿದ. ತಗಡನ್ನು ಬೆಂಚಿನ ಮೇಲಿಟ್ಟ. ನನ್ನ ಕಡೆ ಮತ್ತೆ ನೋಡಲಿಲ್ಲ. ನಲ್ಲಿಯ ಹತ್ತಿರ ಹೋಗಿ ಮೊಣಕೈ ತನಕ ಕೈ ತೊಳೆದ, ಅಂಗಿ ಬಿಚ್ಚಿದ, ಒಳಗೆ ಹೋದ.

ಗಾಜಿನಲ್ಲಿ ನೋಡಿದೆ. ಅವನ ಕಪ್ಪು ಎದೆಯ ಮೇಲೆ ಅಂಗೈಯಷ್ಟು ಮಗು. ಅವನು ಅಳುತ್ತಿದ್ದ, ಅವನ ಉಸಿರಿಗೆ ಮಗು ಮೇಲೆ ಕೆಳಗೆ ಹೋಗುತ್ತಿತ್ತು. ನಾನು ನನ್ನ ಎರಡು ಗುಂಡಿಗಳನ್ನು ಹಾಕಿಕೊಂಡೆ.

ಅಂದಿನಿಂದ ಅವನು ನನ್ನ ಜೊತೆ ಮಾತು ಬಿಟ್ಟ. ಬೈಯಲಿಲ್ಲ, ಜಗಳವಾಡಲಿಲ್ಲ, ಊಟದ ಡಬ್ಬಿ ಕೊಟ್ಟರೆ ತೆಗೆದುಕೊಳ್ಳುತ್ತಿದ್ದ. ವೀಣಾ ಒಂದು ದಿನ ಅವನ ಕಡೆ, ಒಂದು ದಿನ ನನ್ನ ಕಡೆ ತಿರುಗಿ ಅಳುತ್ತಿದ್ದಳು. ನನಗೆ ಸುಮ್ಮನೆ ಕೂರಲಾಗಲಿಲ್ಲ. ಕೊಸರು ಕೊಟ್ಟ ಮನೆಗಳ ನೆನಪು ಮಾಡಿಕೊಂಡು ವಾಪಸ್ ಕೇಳಲು ಹೊರಟೆ. ಹಲ್ಲಿಲ್ಲದ ಬಾಯಿ, ಕೈಯಲ್ಲಿ ಒಂದು ಬಟ್ಟೆಯ ಚೀಲ. ಜಯನಗರ, ಬನಶಂಕರಿ, ಅಂಜನಾಪುರ. ಕೆಲವರು ಮನೆ ಬದಲಿಸಿದ್ದರು, ಕೆಲವರು ಗಾಡಿಯನ್ನೇ ಮಾರಿದ್ದರು, ನಾಲಿಗೆಯ ಸಮೇತ. ಅವು ಈಗ ಯಾರ ಪಕ್ಕದಲ್ಲಿ ತೆಪ್ಪಗೆ ಕೂತಿವೆಯೋ. ಒಬ್ಬ ಹುಡುಗಿ "ಹೊಸಾ ಡಿಸೈನ್ ಬಂದಿದ್ಯಾ ಅಂಕಲ್?" ಎಂದಳು. ಬ್ಯಾಂಕ್ ಮ್ಯಾನೇಜರು ನಕ್ಕರು.

"ಕೊಸರು ಕೊಟ್ಟು ವಾಪಸ್ ಕೇಳ್ತಾರೇನಯ್ಯಾ? ನಾಲ್ಕನೇ ಬ್ಲಾಕಿಗೆ ಹೋಗಿಬರೋನಿಗೆ ಏನಾಗುತ್ತೆ?"

"ನಾವೂ ಜಯನಗರಕ್ಕೇ ಹೊರಟಿದ್ದು ಸಾರ್" ಎಂದೆ. ಎಲ್ಲ ಹೇಳಿದೆ. ಅವರು ಕೇಳುತ್ತ ಕೇಳುತ್ತ ಕನ್ನಡಕ ತೆಗೆದರು. ತಾವೇ ಗಾಡಿಯ ಹತ್ತಿರ ನಡೆದುಹೋಗಿ ಕಿತ್ತು ತಂದು ಕೊಟ್ಟರು. ಕೊಟ್ಟಿದ್ದು ಎಷ್ಟೋ ನೂರು. ತಿರುಗಿ ಬಂದದ್ದು ಡಬ್ಬದಲ್ಲಿರುವಷ್ಟೇ. ನಿಮ್ಮ ಗಾಡಿಯಲ್ಲಿ ಅಂಥದ್ದೊಂದು ಇದ್ದರೆ, ನನ್ನದಾಗಿರಲಿ ಫುಟ್‌ಪಾತಿನಲ್ಲಿ ಕೊಂಡದ್ದಾಗಿರಲಿ, ನನ್ನ ಮಾತನ್ನು ಇಲ್ಲಿಗೇ ನಿಲ್ಲಿಸಿ ಹೋಗಿ ಕಿತ್ತು ಬನ್ನಿ. ಕಾಯುತ್ತೇನೆ.

ನಲವತ್ತಮೂರನೇ ದಿನ ಮಗುವನ್ನು ಮನೆಗೆ ಕರೆದುಕೊಂಡು ಹೋಗಬಹುದು ಎಂದರು. ಜಯಮ್ಮ ಆರತಿ ತಟ್ಟೆ ಸಿದ್ಧಮಾಡಿಕೊಂಡು ಮನೆಯಲ್ಲಿ ಕಾಯುತ್ತಿದ್ದಳು. "ಮನೆಗೆ ಹಿರಿಯರು ನೀವು. ಮಗೂನ ನಿಮ್ಮ ತೊಡೆ ಮೇಲೆ ಕೂರಿಸ್ಕೊಂಡೇ ಬನ್ನಿ. ವೀಣಾನ ನಮ್ಮತ್ತೆ ಹಂಗೇ ತಂದಿದ್ದು" ಎಂದು ಫೋನಿನಲ್ಲಿ ಅಪ್ಪಣೆ ಮಾಡಿದ್ದಳು. ಆಸ್ಪತ್ರೆಯ ಬಾಗಿಲಿಗೆ ವೀರೇಶ ಸ್ನೇಹಿತನ ಕಾರು ತಂದ. ಅಪಘಾತವಾದ ಮೇಲೆ ಅವನು ಸ್ಟೇರಿಂಗ್ ಹಿಡಿದದ್ದು ಅದೇ ಮೊದಲು. ಮುಖ ಬೆವೆತಿತ್ತು.

ಹಿಂದಿನ ಸೀಟಿನಲ್ಲಿ ಮಗುವಿಗೆಂದೇ ಒಂದು ಪುಟ್ಟ ಸೀಟು ಕಟ್ಟಿದ್ದ, ಬೆನ್ನು ಮುಂದಕ್ಕೆ, ಮಗುವಿನ ಮುಖ ಹಿಂದಕ್ಕೆ ಬರುವ ಹಾಗೆ. ವೀಣಾ ಕುಂಟುತ್ತ ಬಂದು ಮುಂದೆ ಕೂತಳು. ಅವನು ಬೆಲ್ಟ್ ಎಳೆದು ಹಾಕಿದ. ಅವಳು ಕಣ್ಣೊರೆಸಿಕೊಂಡಳು. ಆಮೇಲೆ ಮಗುವನ್ನು ಪುಟ್ಟ ಸೀಟಿನಲ್ಲಿ ಮಲಗಿಸಿ ಪಟ್ಟಿಗಳನ್ನು ಒಂದೊಂದಾಗಿ ಹಾಕಿದ. ನನ್ನ ತೊಡೆ ಖಾಲಿಯಾಗಿತ್ತು. ಜಯಮ್ಮನ ಅಪ್ಪಣೆ ಬಾಯಿತುದಿಗೆ ಬಂದದ್ದನ್ನು ನುಂಗಿಕೊಂಡೆ. ಮಗುವಿನ ಪಕ್ಕ ಕೂತು ನನ್ನ ಬೆಲ್ಟ್ ಹುಡುಕಿದೆ. ಪುಟ್ಟ ಸೀಟಿನಡಿ ಸಿಕ್ಕಿಕೊಂಡಿದ್ದ ಬಕ್ಕಲ್ಲು ಕೈಗೆ ಸಿಗಲಿಲ್ಲ.

ವೀರೇಶ ಸುತ್ತಿಕೊಂಡು ನನ್ನ ಬಾಗಿಲಿಗೆ ಬಂದ. ನನ್ನ ಮೇಲೆ ಬಗ್ಗಿ, ಪಟ್ಟಿ ಎಳೆದು, ಕ್ಲಿಕ್ ಎನ್ನಿಸಿ, ಎರಡು ಸಲ ಜಗ್ಗಿ ನೋಡಿದ. ಬಾಗಿಲು ಹಾಕಿ ಹೋದ.

ಹೊರಟೆವು. ಬನ್ನೇರುಘಟ್ಟ ರಸ್ತೆಯಲ್ಲಿ ಗಾಡಿ ಮೂವತ್ತು ದಾಟಲಿಲ್ಲ. ಹಿಂದೆ ಹಾರನ್ನುಗಳ ಸಂತೆ. ಟ್ಯಾಂಕರು ನಿಂತಿದ್ದ ಜಾಗ ಹತ್ತಿರ ಬಂದಾಗ ಮೂವರೂ ಉಸಿರು ಬಿಗಿಹಿಡಿದೆವು. ಮಗು ಮಾತ್ರ ಆಕಳಿಸಿತು. ಮುಂದಿನ ಸಿಗ್ನಲ್ಲಿನಲ್ಲಿ ಹಿಂದಿದ್ದ ಆಟೋದವನು ಸರ್ರನೆ ನಮ್ಮ ಪಕ್ಕಕ್ಕೆ ಬಂದು ತಲೆ ಹೊರಗೆ ಹಾಕಿದ.

"ಏನ್ ಗುರು, ಮೆರವಣಿಗೆನಾ? ಗಾಡೀಲಿ ಮೊಟ್ಟೆ ಲೋಡ್ ಮಾಡಿದೀಯಾ?"

ವೀರೇಶ ಗಾಜು ಇಳಿಸಿದ. ಜಗಳಕ್ಕೆ ಇಳಿಯುತ್ತಾನೋ ಎಂದು ನನಗೆ ಹೆದರಿಕೆಯಾಯಿತು.

"ಹೆಂಡ್ತಿ ಅದಾಳ್ರಿ ಅಣ್ಣಾ" ಎಂದ. "ಮಗಳು ಅದಾಳ."

ಆಟೋದವನು ಬಗ್ಗಿ ಹಿಂದಿನ ಸೀಟನ್ನು ನೋಡಿ ನಾಲಿಗೆ ಕಚ್ಚಿಕೊಂಡ. "ನಿಧಾನಕ್ಕೇ ಹೋಗಿ ಸಾರ್" ಎಂದ. ಸಿಗ್ನಲ್ಲು ಹಸಿರಾಯಿತು. ವೀರೇಶ ಗೇರು ಹಾಕಲಿಲ್ಲ. ಕನ್ನಡಿಯಲ್ಲಿ ಅವನ ಕಣ್ಣು ನನ್ನ ಮೇಲೆ ನಿಂತಿತ್ತು. ಹಿಂದೆ ಹಾರನ್ನುಗಳು ಬಡಿದುಕೊಳ್ಳುತ್ತಿದ್ದವು.

"ನಮ್ಮ ಮಾವಾರು ಅದಾರ" ಎಂದ.